ಅಕ್ಕನಿಗೆ ಹೇಳಿದ ರೇಡಿಯಂ ಪಾಠ

ಅಕ್ಕ ಎಡಗಡೆ ಅಗಿಯುವುದನ್ನು ಬಿಟ್ಟಿದ್ದಾಳೆಂದು ನನಗೆ ಗೊತ್ತಾದದ್ದು ಒಂದು ಬೇಸಿಗೆ ರಜೆಯಲ್ಲಿ. ಆಗ ನಾನು ಹೊಸಪೇಟೆಯ ಹೈಸ್ಕೂಲಿನಲ್ಲಿ ವಿಜ್ಞಾನದ ಮೇಷ್ಟ್ರಾಗಿ ಮೂರು ವರ್ಷವಾಗಿತ್ತು. ರಜೆ ಶುರುವಾದ ದಿನವೇ ಬಸ್ಸು ಹಿಡಿದು ಕಂಪ್ಲಿಯ ನಮ್ಮ ಮನೆಗೆ ಹೋಗಿಬಿಡುವುದು ನನ್ನ ರೂಢಿ. ಆ ಸಲ ಊಟಕ್ಕೆ ಕೂತಾಗ ನೋಡಿದೆ: ಅಕ್ಕ ರೊಟ್ಟಿಯನ್ನು ಮಜ್ಜಿಗೆಯಲ್ಲಿ ನೆನೆಹಾಕಿ, ಅದು ಅಂಬಲಿಯಂತಾದ ಮೇಲೆ ಬಲಗಡೆ ಇಟ್ಟುಕೊಂಡು ಕಣ್ಣು ಮುಚ್ಚಿ ನುಂಗುತ್ತಿದ್ದಳು. ಅವಳಿಗೆ ಇನ್ನೂ ನಲವತ್ತು. ಕಬ್ಬಿನ ಜಲ್ಲೆಯನ್ನು ಹಲ್ಲಿನಲ್ಲೇ ಸಿಗಿಯುತ್ತಿದ್ದ ಹೆಂಗಸು.

"ಹಲ್ಲು ನೋವಾ ಅಕ್ಕ?" ಎಂದೆ.

"ಹುಂ, ಹಲ್ಲು" ಎಂದು ಸೆರಗನ್ನು ಬಾಯಿಗೆ ಅಡ್ಡ ಹಿಡಿದಳು.

ಎರಡು ದಿನದ ನಂತರ ಬಾವಿಕಟ್ಟೆಯ ಹತ್ತಿರ ಅವಳು ಬಾಯಿ ಮುಕ್ಕಳಿಸಿ ಉಗುಳಿದ ನೀರಿನಲ್ಲಿ ಕೆಂಪು ಎಳೆ ಕಂಡಿತು. ನಾನು ಬಿಡಲಿಲ್ಲ. ಬಿಸಿಲಿಗೆ ಮುಖ ಮಾಡಿ ನಿಲ್ಲಿಸಿ ಬಾಯಿ ತೆರೆಸಿದೆ. ಎಡಗೆನ್ನೆಯ ಒಳಗೆ, ಇಪ್ಪತ್ತು ವರ್ಷದಿಂದ ಅವಳು ಹೊಗೆಸೊಪ್ಪು ಇಟ್ಟುಕೊಳ್ಳುತ್ತಿದ್ದ ಜಾಗದಲ್ಲಿ, ಒಂದು ಹುಣ್ಣು. ಅದರ ಅಂಚು ಎತ್ತರವಾಗಿ, ಗಟ್ಟಿಯಾಗಿ, ಹರಿದ ಚರ್ಮದ ಹಾಗಿತ್ತು.

"ಯಾವಾಗಿಂದ ಐತಿ ಇದು?"

"ಸಂಕ್ರಾಂತಿ ಆದಮ್ಯಾಲೆ ಸುರು ಆತು."

"ಅಷ್ಟು ದಿನದಿಂದ ಯಾಕ ಹೇಳ್ಲಿಲ್ಲ?"

"ಹೇಳಿದ್ರ ನೀ ಸಾಲಿ ಬಿಟ್ಟು ಬರ್ತಿದ್ದಿ. ಮಾಯ್ತೈತಿ ಅನ್ಕೊಂಡಿದ್ದೆ ತಮ್ಮಾ."

ಅಕ್ಕ ನನಗಿಂತ ಹದಿನಾಲ್ಕು ವರ್ಷ ದೊಡ್ಡವಳು. ಅವಳನ್ನು ಸಂಡೂರಿಗೆ ಕೊಟ್ಟಿದ್ದರು; ಭಾವ ಅಲ್ಲಿನ ಮ್ಯಾಂಗನೀಸ್ ಗಣಿಯಲ್ಲಿ ಗುಮಾಸ್ತರಾಗಿದ್ದರು. ಇನ್‌ಫ್ಲುಯೆಂಜಾ ಜ್ವರ ಬಂದ ವರ್ಷ ಮೂರೇ ದಿನದಲ್ಲಿ ಭಾವ ಹೋದರು. ಅವರ ಕಾರ್ಯ ಮುಗಿಸಿ ಅಕ್ಕ ಕಂಪ್ಲಿಗೆ ಬರುವಷ್ಟರಲ್ಲಿ ಅದೇ ಜ್ವರದಲ್ಲಿ ನಮ್ಮ ಅವ್ವನೂ ಹೋಗಿದ್ದಳು. ಅಪ್ಪ ಅದಕ್ಕೂ ಮೊದಲೇ ತೀರಿಕೊಂಡಿದ್ದ. ನನಗೆ ಆಗ ಆರು ವರ್ಷ. ನಮ್ಮಲ್ಲಿ ಗಂಡ ಸತ್ತ ಹೆಣ್ಣಿಗೆ ಮತ್ತೊಂದು ಕೂಡಿಕೆ ಮಾಡುವುದುಂಟು; ಕೇಳಿಕೊಂಡು ಬಂದವರೂ ಇದ್ದರಂತೆ. ಅಕ್ಕ ನನ್ನನ್ನು ಕಂಕುಳಲ್ಲಿ ಎತ್ತಿಕೊಂಡೇ ಅವರಿಗೆ ನೀರು ಕೊಟ್ಟು, ಒಲ್ಲೆನೆಂದು ಕಳಿಸಿದಳೆಂದು ಅಣ್ಣ ಹೇಳುತ್ತಿದ್ದ. ಅಣ್ಣ ನಮ್ಮಿಬ್ಬರ ನಡುವಿನವನು. ಹೊಲ, ಕಬ್ಬು, ಎತ್ತು ಅವನದು. ಮನೆ, ಅಡುಗೆ, ಬೆಲ್ಲ ಕಾಸುವ ದಿನಗಳಲ್ಲಿ ಕೊಪ್ಪರಿಗೆಯ ಹದ ನೋಡುವುದು ಅಕ್ಕನದು. ಪಾಕ ಕುದಿಯುವ ಸದ್ದಿನಿಂದಲೇ ಇಳಿಸುವ ಹೊತ್ತು ಅವಳಿಗೆ ತಿಳಿಯುತ್ತಿತ್ತು.

ಓದು ಬರಹ ಅವಳಿಗೆ ಅಷ್ಟಕ್ಕಷ್ಟೆ. ಆದರೆ ನಾನು ಸಾಲೆಯಿಂದ ಬಂದ ಕೂಡಲೇ "ಇವತ್ತು ಏನು ಕಲಿಸಿದ್ರು?" ಎಂದು ಕೇಳದೆ ಊಟ ಹಾಕಿದವಳಲ್ಲ. ಅರ್ಧ ಉತ್ತರ ಕೊಟ್ಟರೆ ಉಳಿದರ್ಧ ಬರುವವರೆಗೆ ಮುದ್ದೆ ಪಾತ್ರೆಯಲ್ಲೇ ಇರುತ್ತಿತ್ತು. ನಾನು ಮದರಾಸಿನಲ್ಲಿ ಭೌತಶಾಸ್ತ್ರ ಓದಿ ಬಂದ ಮೇಲೂ ಅದೇ ಪದ್ಧತಿ.

ಡಿಗ್ರಿ ಮುಗಿಸಿ ಬಂದ ವರ್ಷ ಬೆಲ್ಲ ಕಾಸುವಾಗ ನಡೆದ ಒಂದು ಮಾತು ನನಗೆ ಇವತ್ತಿಗೂ ಅಕ್ಷರ ತಪ್ಪದೆ ನೆನಪಿದೆ. ಕೊಪ್ಪರಿಗೆಯ ಕೆಳಗೆ ಕಬ್ಬಿನ ಒಣ ಸಿಪ್ಪೆ ಉರಿಯುತ್ತಿತ್ತು. ಅಕ್ಕ ಕೇಳಿದಳು:

"ಲೇ ತಮ್ಮಾ, ಒಂದು ಬಂಡಿ ಸಿಪ್ಪಿ ಒಳಗ ಹಾಕಿದ್ರ ಒಂದು ಬುಟ್ಟಿ ಬೂದಿ ಬರ್ತೈತಿ. ಉಳದದ್ದು ಎಲ್ಲಿ ಹೋತು?"

"ಹೊಗಿ ಆಗಿ, ಉಗಿ ಆಗಿ ಗಾಳಿಗೆ ಹೋತಕ್ಕ. ಅದನ್ನೆಲ್ಲಾ ಹಿಡದು ತೂಗಿದ್ರ ಎಲ್ಲಾ ಲೆಕ್ಕಕ್ಕ ಸಿಗ್ತೈತಿ. ಒಂದು ಗುಂಜಿ ಕಮ್ಮಿ ಆಗಂಗಿಲ್ಲ."

ಅವಳು ಸೌಟು ನಿಲ್ಲಿಸಿದಳು. "ತೂಕ ಎಲ್ಲಾ ಹಂಗಽ ಇದ್ರ, ಈ ಕಾವು ಎಲ್ಲಿಂದ ಬಂತು? ಪುಕ್ಕಟೆ ಬಂತೇನು?"

ನಾನು ದಂಗಾದೆ. ಕಾಲೇಜಿನ ಕೊನೆಯ ವರ್ಷದಲ್ಲಿ ನಮ್ಮ ಪ್ರೊಫೆಸರು ಎರಡು ವಾರ ಒದ್ದಾಡಿ ನಮ್ಮನ್ನು ತಂದು ನಿಲ್ಲಿಸಿದ್ದು ಇದೇ ಪ್ರಶ್ನೆಯ ಎದುರಿಗೆ. ನನಗೆ ತಿಳಿದಂತೆ ಹೇಳಿದೆ. ಪುಕ್ಕಟೆ ಅಲ್ಲ, ಕಾವಿಗೂ ತೂಕ ಉಂಟು. ವಸ್ತು ಬೇರೆ, ಶಕ್ತಿ ಬೇರೆ ಎಂದು ಹಿಂದಿನವರು ಎರಡು ಲೆಕ್ಕ ಇಟ್ಟಿದ್ದರು. ಎರಡೂ ಒಂದೇ ಎಂದು ಈಗ ತಿಳಿದಿದೆ. ಸಿಪ್ಪೆ ಉರಿದು ಕಾವು ಹೊರಗೆ ಹೋದಾಗ ಅಷ್ಟು ತೂಕ ನಿಜವಾಗಿ ಕಡಿಮೆಯಾಗುತ್ತದೆ. ಆದರೆ ಎಷ್ಟು ಕಡಿಮೆಯೆಂದರೆ ಯಾವ ತಕ್ಕಡಿಗೂ ಅದು ಸಿಗುವುದಿಲ್ಲ. ಬೆಳಕು ಒಂದು ಕ್ಷಣಕ್ಕೆ ಎಷ್ಟು ದೂರ ಓಡುತ್ತದೋ ಆ ಸಂಖ್ಯೆಯನ್ನು ಅದರಿಂದಲೇ ಗುಣಿಸಿ, ಅದರಿಂದ ತೂಕವನ್ನು ಗುಣಿಸಿದರೆ ಸಿಗುವುದೇ ಶಕ್ತಿ. ಹಾಗಾಗಿ ಚೂರು ತೂಕ ಹೋದರೆ ಬೆಟ್ಟದಷ್ಟು ಕಾವು.

"ಈ ನಿಂಬೆಹಣ್ಣಿನಷ್ಟು ಬೆಲ್ಲ ಪೂರಾ ಕಾವಾಗಿ ಬಿಡ್ತು ಅನ್ನು. ಕಂಪ್ಲಿ ಊರಿನ ಒಲಿ ಎಲ್ಲಾ ನಾಕು ತಲಿಮಾರು ಉರೀತಾವು" ಎಂದೆ.

"ಹಂಗಾದ್ರ ನಾವು ಯಾಕ ಈ ಹೊಗ್ಯಾಗ ಕಣ್ಣು ಕಳಕೊಳ್ಳಾಕತ್ತೀವಿ? ಮಾಡು ನೋಡಾನ!" ಎಂದು ಜೋರಾಗಿ ನಕ್ಕಳು.

"ಮಾಡಾಕ ಯಾರಿಗೂ ಬರಂಗಿಲ್ಲ. ತಾನಽ ಹಂಗ ಮಾಡೋ ಲೋಹ ಒಂದು ಐತಿ. ರೇಡಿಯಂ ಅಂತ. ಬೆಂಕಿ ಇಲ್ಲ, ಹೊಗಿ ಇಲ್ಲ, ತನ್ನಷ್ಟಕ್ಕ ತಾನು ಬಿಸಿ ಇರ್ತೈತಿ. ತನ್ನ ತೂಕಾನಽ ಸ್ವಲ್ಪ ಸ್ವಲ್ಪ ಖರ್ಚು ಮಾಡ್ತೈತಿ."

"ಪಾಪ" ಎಂದಳು ಅಕ್ಕ, ಲೋಹಕ್ಕೆ.

ಹುಣ್ಣು ಕಂಡ ಮೂರನೆಯ ದಿನ ಅವಳನ್ನು ಹೊಸಪೇಟೆಗೆ ಕರೆತಂದು ನಮ್ಮ ಸಾಲೆಯ ಹತ್ತಿರದ ಡಾಕ್ಟರಿಗೆ ತೋರಿಸಿದೆ. ಅವರು ವಯಸ್ಸಾದವರು, ನಿಧಾನಿ. ಬ್ಯಾಟರಿ ಹಾಕಿ ಬಾಯೊಳಗೆ ನೋಡಿದರು, ದವಡೆಯ ಕೆಳಗೆ ಬೆರಳಾಡಿಸಿದರು. ಅಕ್ಕನನ್ನು ಹೊರಗೆ ಕೂರಲು ಹೇಳಿ ನನ್ನ ಕಡೆ ತಿರುಗಿದರು.

"ಮಾಸ್ತರ, ಇದು ಕ್ಯಾನ್ಸರು. ಮುಚ್ಚಿಡೋದ್ರಾಗ ಅರ್ಥ ಇಲ್ಲ. ಕುತ್ತಿಗಿಗೆ ಇನ್ನೂ ಇಳದಂಗ ಕಾಣಂಗಿಲ್ಲ. ಜಲ್ದಿ ಮದರಾಸಿಗೆ ಕರ್ಕೊಂಡು ಹೋಗ್ರಿ. ಅಲ್ಲಿ ರೇಡಿಯಂ ಸೂಜಿ ಹಾಕ್ತಾರ."

ಮುಂದಿನ ಮಾತು ಬರೆಯಲು ನಾಚಿಕೆಯಾಗುತ್ತದೆ. ಕ್ಯಾನ್ಸರ್ ಎಂಬ ಶಬ್ದಕ್ಕೆ ಕುಸಿದಿದ್ದ ನನ್ನ ಎದೆ, ರೇಡಿಯಂ ಎಂಬ ಶಬ್ದಕ್ಕೆ ಒಮ್ಮೆಲೇ ಎದ್ದು ಕೂತಿತು. ಪುಸ್ತಕದಲ್ಲಿ ಓದಿದ್ದು, ಕೊಪ್ಪರಿಗೆಯ ಮುಂದೆ ಅಕ್ಕನಿಗೆ ಹೇಳಿದ್ದು, ಈಗ ನಮ್ಮ ಮನೆಗೇ ಬರುತ್ತಿದೆ ಎಂಬ ಒಂದು ಬಗೆಯ ಹಿಗ್ಗು. ಅದು ಒಂದು ಗಳಿಗೆ ಇತ್ತು. ಆದರೆ ಇತ್ತು.

ಕಂಪ್ಲಿಯಲ್ಲಿ ಅಣ್ಣ ಒಪ್ಪಲಿಲ್ಲ. ದರೋಜಿಯ ಕಡೆ ಒಬ್ಬ ನಾಟಿ ವೈದ್ಯನಿದ್ದ. ಹುಣ್ಣಿಗೆ ಸೊಪ್ಪಿನ ಲೇಪ ಹಾಕುವುದರಲ್ಲಿ ಅವನದು ದೊಡ್ಡ ಹೆಸರು. ಅವನಲ್ಲಿಗೆ ಹೋಗೋಣ ಎಂದ.

"ಮದರಾಸಿಗೆ ಹೋದವ್ರು ವಾಪಸ್ ಬಂದದ್ದು ನಾನು ನೋಡಿಲ್ಲ. ಸೂಜಿ ಚುಚ್ಚಿ ಕೆದಕೋದು ಬ್ಯಾಡ."

"ಅಣ್ಣ, ಇದು ನಂಬೋ ಮಾತಲ್ಲ, ಅಳತಿ ಮಾತು. ಅದರ ಕಿರಣ ಹೋದಲ್ಲಿ ಕೆಟ್ಟ ಮಾಂಸ ಸುಟ್ಟು ಹೋಗ್ತೈತಿ. ವಾಸಿ ಆಗ್ತೈತಿ, ನಾನು ಹೇಳ್ತೀನಿ."

ಡಾಕ್ಟರು ಹಾಗೆ ಹೇಳಿರಲಿಲ್ಲ. ಕರೆದುಕೊಂಡು ಹೋಗಿರಿ ಎಂದಿದ್ದರು, ಅಷ್ಟೆ. ವಾಸಿಯಾಗುತ್ತದೆ ಎಂಬ ಮಾತು ನನ್ನದು.

ಅಕ್ಕ ಕಂಬಕ್ಕೆ ಒರಗಿ ಕೇಳುತ್ತಿದ್ದಳು. "ನೀ ಕಣ್ಣಾರೆ ನೋಡೀಯೇನು ಅದನ್ನ?"

"ಇಲ್ಲ."

"ನೋಡಲಾರದ್ದಕ್ಕ ಇಷ್ಟು ಜೋರ್ ಮಾತಾಡ್ತೀಯಲ್ಲಲೇ" ಎಂದು ನಗಲು ಹೋಗಿ ಕೆನ್ನೆ ಹಿಡಿದುಕೊಂಡಳು. ನೋವು ಇಳಿದ ಮೇಲೆ ಅಣ್ಣನಿಗೆ, "ಹೋಗಾನ ಬಿಡು. ಇವನು ಓದಿದ್ದು ಖರೇ ಐತೋ ಸುಳ್ಳೋ ನೋಡಿ ಬರ್ತೀನಿ" ಎಂದಳು.

ಹೊಸಪೇಟೆಯಲ್ಲಿ ರೈಲು ಹತ್ತಿದೆವು. ಗುಂತಕಲ್ಲಿನಲ್ಲಿ ಇಳಿದು ಮದರಾಸಿನ ಗಾಡಿಗೆ ಕಾಯಬೇಕಿತ್ತು. ಅಕ್ಕ ಬಳ್ಳಾರಿಯಿಂದ ಆಚೆಗೆ ಹೋದವಳಲ್ಲ. ಪ್ಲಾಟ್‌ಫಾರ್ಮಿನ ಬೇವಿನ ನೆರಳಿನಲ್ಲಿ ಕೂತು, ತಂಬಿಗೆಯ ನೀರನ್ನು ಗುಟುಕು ಗುಟುಕಾಗಿ ಬಲಗಡೆಯಿಂದ ಕುಡಿಯುತ್ತಾ ಕೇಳಿದಳು:

"ಆ ಸೂಜಿ ತನ್ನ ತೂಕ ಖರ್ಚು ಮಾಡ್ತೈತಿ ಅಂದಿ. ಹಂಗಾದ್ರ ಸವದು ಹೋಗಂಗಿಲ್ಲೇನು?"

ನನಗೆ ಉಮೇದು ಬಂತು. "ಹಂಪಿ ಕಟ್ಟಿದ ಕಾಲಕ್ಕ ರಾಜರು ಒಂದು ಚೂರು ರೇಡಿಯಂ ಪೆಟ್ಟಿಗ್ಯಾಗ ಇಟ್ಟಿದ್ರು ಅನ್ನು. ಇವತ್ತು ತಗದು ನೋಡಿದ್ರ ಮುಕ್ಕಾಲು ಪಾಲು ಹಂಗಽ ಇರ್ತೈತಿ ಅಕ್ಕ. ಅಷ್ಟು ನಿಧಾನ."

ಅವಳು ತಂಬಿಗೆ ಕೆಳಗಿಟ್ಟಳು. "ಅಂದ್ರ ನನಗಿಂತ ಮೊದಲು ಭಾಳ ಮಂದಿ ಗಲ್ಲದಾಗ ಇದ್ದು ಬಂದಿರಬೇಕು."

"ತೊಳೀತಾರ ಅಕ್ಕ. ಕುದಿಯೋ ನೀರಾಗ..."

"ಎಂಜಲು ಅಂತ ಅಲ್ಲ ನಾನು ಅಂದದ್ದು. ಅವರೆಲ್ಲಾ ಏನಾದ್ರು ಅಂತ ಕೇಳಿದೆ."

ಗಾಡಿ ಬರುತ್ತದೆಯೇ ನೋಡುತ್ತೇನೆಂದು ಎದ್ದು ಹೋದೆ.

ಮದರಾಸಿನ ಆಸ್ಪತ್ರೆಯಲ್ಲಿ ಮೊದಲು ಅವಳನ್ನು ತೂಗಿದರು. ನಂತರ ಕುತ್ತಿಗೆಯಲ್ಲಿರುವುದನ್ನೆಲ್ಲ ತೆಗೆಯಿರಿ ಎಂದರು. ಅಲ್ಲಿ ಇದ್ದದ್ದು ಇಷ್ಟಲಿಂಗದ ಬೆಳ್ಳಿ ಕರಡಿಗೆ ಒಂದೇ. ಅಕ್ಕ ಎರಡೂ ಕೈಯಲ್ಲಿ ಮುಚ್ಚಿ ಹಿಡಿದು ತಲೆಯಾಡಿಸಿದಳು. ಹುಟ್ಟಿದಾಗ ಕಟ್ಟಿದ್ದು, ಮಣ್ಣಿಗೆ ಹೋಗುವಾಗಲೂ ಜೊತೆಗಿರಬೇಕಾದದ್ದು. ಡಾಕ್ಟರು ಒಳ್ಳೆಯವರು, ಬೆಳ್ಳಿ ಮಾತ್ರ ಬೇಡ, ಲಿಂಗ ಬಟ್ಟೆಯಲ್ಲಿ ಕಟ್ಟಿ ತೋಳಿಗಿರಲಿ ಎಂದರು. ನರ್ಸಮ್ಮ ತಾನೇ ಬಿಳಿ ಬಟ್ಟೆ ಹರಿದು ಕಟ್ಟಿಕೊಟ್ಟಳು. ಅವಳು ತೆಲುಗಿನವಳು. ಅಕ್ಕನಿಗೆ ತೆಲುಗು ಬರುತ್ತಿತ್ತು, ಹಾಗಾಗಿ ಆ ಪರಸ್ಥಳದಲ್ಲಿ ಒಂದು ಆಸರೆಯಾಯಿತು.

ಸೂಜಿಗಳನ್ನು ಡಾಕ್ಟರು ನನಗೆ ದೂರದಿಂದ ತೋರಿಸಿದರು. ಸೀಸದ ದಪ್ಪ ಡಬ್ಬಿಯೊಳಗಿಂದ ಉದ್ದ ಚಿಮಟಿಗೆಯಲ್ಲಿ ಎತ್ತಿದರು. ಬಟ್ಟೆ ಹೊಲಿಯುವ ಸೂಜಿಗಿಂತ ಮೋಟು, ಪ್ಲಾಟಿನಂ ಕವಚ, ಕಣ್ಣಿನಲ್ಲಿ ಬಣ್ಣದ ದಾರ. ಉಪ್ಪಿನ ಹರಳಿನಷ್ಟು ರೇಡಿಯಂ ಅದರ ಹೊಟ್ಟೆಯಲ್ಲಿ. ಪ್ರಜ್ಞೆ ತಪ್ಪುವ ಔಷಧಿ ಕೊಟ್ಟು ಏಳು ಸೂಜಿಗಳನ್ನು ಹುಣ್ಣಿನ ಸುತ್ತ ಕೆನ್ನೆಯೊಳಗೆ ನೆಟ್ಟು ದಾರಗಳನ್ನು ಹೊಲಿದರು. ಏಳು ದಿನ ಅವು ಅಲ್ಲೇ ಇರಬೇಕು. ಮಾತಾಡಬಾರದು, ಅಗಿಯಬಾರದು. ಮೂಗಿನಿಂದ ಇಳಿಸಿದ ರಬ್ಬರ್ ನಳಿಗೆಯಲ್ಲಿ ಹಾಲು. ಹಾಲು ಬರುವ ಮೊದಲು ಅವಳು ಎಡಗೈಯಲ್ಲಿ ಲಿಂಗ ಇಟ್ಟುಕೊಂಡು ಕಣ್ಣು ಮುಚ್ಚುತ್ತಿದ್ದಳು. ಅದು ಮುಗಿಯುವವರೆಗೆ ನರ್ಸಮ್ಮ ಲೋಟ ಹಿಡಿದು ನಿಂತಿರುತ್ತಿದ್ದಳು.

ನೆಂಟರು ಬಾಗಿಲ ಹೊರಗೆ ನಿಂತು ಮಾತಾಡಿಸಬೇಕು, ಹತ್ತಿರ ಹೋಗಿ ಕೂರಬಾರದು ಎಂಬ ನಿಯಮ. ನರ್ಸುಗಳೂ ಬೇಗ ಬೇಗ ಬಂದು ಕೆಲಸ ಮುಗಿಸಿ ಹೋಗುತ್ತಿದ್ದರು. ಹುಣ್ಣನ್ನು ಸುಡುವ ಕಿರಣ ಎದುರಿಗೆ ನಿಂತವರನ್ನೂ ಬಿಡುವುದಿಲ್ಲ. ಅದು ನನಗೆ ಚೆನ್ನಾಗಿ ಗೊತ್ತಿತ್ತು. ಬೇರೆ ನೆಂಟರಿಗೆ ವಿವರಿಸಿ ಹೇಳುತ್ತಲೂ ಇದ್ದೆ.

ಏಳು ದಿನ ಬಾಗಿಲಲ್ಲಿ ನಿಂತು ಏನು ಮಾತಾಡುವುದು? ಅವಳು ಉತ್ತರ ಕೊಡುವಂತಿಲ್ಲ. ಊರಿನ ಸುದ್ದಿ ಮೊದಲ ದಿನಕ್ಕೇ ಮುಗಿಯಿತು. ನನಗೆ ಬರುತ್ತಿದ್ದದ್ದು ಒಂದೇ. ನಾನು ಪಾಠ ಶುರು ಮಾಡಿದೆ. ಸೂರ್ಯನೂ ಹೀಗೆಯೇ, ದಿನಾ ತನ್ನ ತೂಕ ಕಳೆದುಕೊಂಡೇ ಬೆಳಕು ಕೊಡುವುದು ಎಂದೆ. ರೇಡಿಯಂ ಒಡೆದಾಗ ಹುಟ್ಟುವ ಚೂರುಗಳನ್ನೆಲ್ಲ ಕೂಡಿಸಿ ತೂಗಿದರೆ ಮೊದಲಿನಷ್ಟು ಇರುವುದಿಲ್ಲ, ಆ ಕೊರತೆಯೇ ನಿನ್ನ ಕೆನ್ನೆಯಲ್ಲಿ ಕೆಲಸ ಮಾಡುತ್ತಿರುವುದು ಎಂದೆ. ಅಕ್ಕ ದಿಂಬಿಗೊರಗಿ ನನ್ನನ್ನೇ ನೋಡುತ್ತಿದ್ದಳು.

ನಾಲ್ಕನೆಯ ದಿನ ಮಧ್ಯಾಹ್ನ ಅವಳು ಕೈಯೆತ್ತಿ ಎಡಕಿವಿಯನ್ನು ಮುಟ್ಟಿ ತೋರಿಸಿದಳು. ಕೇಳಿಸುತ್ತಿಲ್ಲ ಎಂದುಕೊಂಡೆ. ದನಿ ಏರಿಸಿದೆ. ಮತ್ತೆ ಕಿವಿ ತೋರಿಸಿದಳು, ಅಂಗೈಯನ್ನು ಕಿವಿಗೆ ಒತ್ತಿ ಹಿಡಿದು ತಲೆ ಅಲ್ಲಾಡಿಸಿದಳು. ನಾನು ಇನ್ನೂ ಜೋರಾಗಿ, ಬಿಡಿಸಿ ಬಿಡಿಸಿ, ಸಾಲೆಯಲ್ಲಿ ಹಿಂದಿನ ಬೆಂಚಿಗೆ ಹೇಳುವ ಹಾಗೆ ಹೇಳತೊಡಗಿದೆ. ಅವಳು ಕೈಯಿಂದ ನನ್ನನ್ನು ಒಳಗೆ ಕರೆದಳು. ಬರಬಾರದು ಅಕ್ಕ, ನಿಯಮ ಇದೆ ಎಂದೆ. ಆಮೇಲೆ ಅವಳು ಕೈ ಇಳಿಸಿ ಗೋಡೆಯ ಕಡೆ ತಿರುಗಿದಳು. ನಿದ್ದೆ ಬಂತೇನೋ ಎಂದು ನಾನು ಛತ್ರಕ್ಕೆ ಹೊರಟೆ.

ಸಂಜೆ ಬಂದಾಗ ನರ್ಸಮ್ಮ ಬಾಗಿಲಲ್ಲೇ ಸಿಕ್ಕಳು. ನಿಮ್ಮಕ್ಕನಿಗೆ ಮಧ್ಯಾಹ್ನದಿಂದ ಕಿವಿಯೊಳಗೆ ಸಲಾಕೆ ಇಟ್ಟ ಹಾಗೆ ನೋವು ಎಂದು ತೆಲುಗಿನಲ್ಲಿ ಹೇಳಿದಳು. ಕೆನ್ನೆಯ ನೋವು ಹಾಗೆ ಕಿವಿಗೆ ಏರುತ್ತದಂತೆ. ಈಗ ತಾನೇ ಔಷಧಿ ಕೊಟ್ಟು ಮಲಗಿಸಿದ್ದೇನೆ, ಬೆಳಗ್ಗೆ ಬನ್ನಿ ಎಂದಳು. ನೀವು ಮಧ್ಯಾಹ್ನ ಇಲ್ಲೇ ಇದ್ದಿರಲ್ಲ, ನಿಮಗೆ ತೋರಿಸಲಿಲ್ಲವೇ ಎಂದು ಕೇಳಿದಳು. ತೋರಿಸಿದ್ದಳು ಎಂದು ಹೇಳುವ ಧೈರ್ಯ ನನಗಾಗಲಿಲ್ಲ.

ಮರುದಿನದಿಂದ ಬಾಗಿಲಲ್ಲಿ ಸುಮ್ಮನೆ ನಿಂತೆ.

ಎಂಟನೆಯ ದಿನ ಸೂಜಿಗಳನ್ನು ತೆಗೆದು ಎಣಿಸಿದರು. ಅಕ್ಕ ಸನ್ನೆ ಮಾಡಿ ತನಗೂ ತೋರಿಸಿ ಎಂದಳು. ಡಾಕ್ಟರು ನಗುತ್ತಾ ಚಿಮಟಿಗೆಯಲ್ಲಿ ಒಂದನ್ನು ಎತ್ತಿ ಹಿಡಿದರು. ಅವಳು ಬಹಳ ಹೊತ್ತು ನೋಡಿದಳು. ಎರಡು ದಿನ ಬಿಟ್ಟು, ಹೊರಡುವ ಮೊದಲು, ಅವಳನ್ನು ಮತ್ತೆ ತೂಗಿದರು; ತೂಕ ಇಳಿದಿತ್ತು. ರೈಲಿನಲ್ಲಿ ಅವಳಿಗೆ ತೊದಲು ಮಾತು ಬಂದಿತ್ತು. ಬಾಯಿ ಬಿಟ್ಟು ಆಡಿದ ಮೊದಲ ಮಾತು ಇದು:

"ಅವು ಹ್ಯಾಂಗ ಹೋಗಿದ್ವೋ ಹಂಗಽ ಬಂದಾವ. ಇಳದಾಕಿ ನಾನಽ."

ನಾನು ಅಂದು ಅವಳ ಕ್ಷಮೆ ಕೇಳಬೇಕೆಂದಿದ್ದೆ. ಕಿವಿಯ ಮಾತು ಎತ್ತಿದೆ. ಅವಳು ತೊಡೆಯ ಮೇಲಿದ್ದ ನನ್ನ ಕೈ ತಟ್ಟಿ, "ನೀ ಅಷ್ಟು ಒದರಿದ್ರ ಯಾರ ಕಿವಿ ನೋಯಂಗಿಲ್ಲ?" ಎಂದಳು. ಅದು ತಮಾಷೆಯೋ, ಸಿಟ್ಟೋ, ಈಗಲೂ ತಿಳಿಯದು.

ಹುಣ್ಣು ಒಣಗಿತು. ಒಂದು ತಿಂಗಳಿಗೆ ಕೆಂಪು ಇಳಿದು, ಮೂರು ತಿಂಗಳಿಗೆ ಆ ಜಾಗದಲ್ಲಿ ಬೆಳ್ಳಗಿನ ಗೀರು ಮಾತ್ರ ಉಳಿಯಿತು. ಅಕ್ಕ ರೊಟ್ಟಿ ಅಗಿದಳು. ಕಂಪ್ಲಿಯಲ್ಲಿ ಹೆಂಗಸರು ಮನೆಗೆ ಬಂದು ಅವಳ ಬಾಯಿ ತೆಗೆಸಿ ನೋಡಿ ಹೋಗುತ್ತಿದ್ದರು. ಅಣ್ಣ ನನ್ನ ಭುಜದ ಮೇಲೆ ಕೈ ಹಾಕಿಕೊಂಡು ಪೇಟೆಯಲ್ಲಿ ತಿರುಗಿದ. ಅವನು ಹಾಗೆ ಮಾಡಿದ್ದು ಅದೇ ಮೊದಲು.

ನಾನು ಆ ಹಿಗ್ಗಿನಲ್ಲಿ ಹೊಸಪೇಟೆಯ ವಾಚನಾಲಯದಲ್ಲಿ ಒಂದು ಭಾನುವಾರ ರೇಡಿಯಂ ಬಗ್ಗೆ ಭಾಷಣ ಮಾಡಿದೆ. ವಸ್ತು ಮತ್ತು ಶಕ್ತಿ ಒಂದೇ ಎಂಬುದಕ್ಕೆ ನಮ್ಮ ಮನೆಯಲ್ಲೇ ಸಾಕ್ಷಿ ಇದೆ ಎಂದೆ. ಅಕ್ಕ ಹಿಂದೆ ಗೋಡೆಗೊರಗಿ ಕೂತಿದ್ದಳು. ಎಲ್ಲರೂ ತಿರುಗಿ ನೋಡಿದಾಗ ಸೆರಗು ಮುಖಕ್ಕೆ ಎಳೆದುಕೊಂಡಳು. ದಾರಿಯಲ್ಲಿ ಬರುತ್ತಾ ಹೇಳಿದಳು: "ಇನ್ನೊಮ್ಮೆ ಹಿಂಗ ಮಂದಿ ಮುಂದ ನನ್ನ ನಿಂದರಸಬ್ಯಾಡ ತಮ್ಮಾ."

ಮರುವರ್ಷದ ಮಳೆಗಾಲ. ಕಾಲುವೆ ತುಂಬಿ ಹರಿಯುತ್ತಿತ್ತು. ನಾನು ಶನಿವಾರ ಊರಿಗೆ ಹೋದಾಗ ಅಕ್ಕ ಕುತ್ತಿಗೆಗೆ ಸೆರಗು ಸುತ್ತಿಕೊಂಡಿದ್ದಳು. ಸೆಕೆಯಲ್ಲಿ ಯಾಕೆ ಎಂದು ಬಿಡಿಸಿದೆ. ದವಡೆಯ ಕೆಳಗೆ ಅಡಕೆಯಷ್ಟು ಗಂಟು, ಒತ್ತಿದರೆ ಅಲುಗಲಿಲ್ಲ. ಈ ಸಲವೂ ಅವಳಿಗೆ ಒಂದು ತಿಂಗಳ ಮೊದಲೇ ಗೊತ್ತಿತ್ತು.

ಹೊಸಪೇಟೆಯ ಡಾಕ್ಟರು ನೋಡಿ ಮದರಾಸಿಗೆ ಕಾಗದ ಬರೆದರು. ಉತ್ತರ ಬರಲು ಎರಡು ವಾರ ಹಿಡಿಯಿತು. ಇನ್ನು ಸೂಜಿಯಿಂದ ಪ್ರಯೋಜನವಿಲ್ಲ, ಅಷ್ಟು ದೂರ ಪ್ರಯಾಣ ಮಾಡಿಸಿ ಅವರನ್ನು ದಣಿಸಬೇಡಿ, ನೋವಿಗೆ ಇಂಥ ಔಷಧಿ ಕೊಡಿ ಎಂದು ಬರೆದಿದ್ದರು. ಆ ಕಾಗದ ಜೇಬಿನಲ್ಲಿಟ್ಟುಕೊಂಡು ಕಂಪ್ಲಿಗೆ ಹೋದೆ. ಅಕ್ಕ ಪಡಸಾಲೆಯಲ್ಲಿ ಕೂತು ತೊಗರಿಬೇಳೆ ಆರಿಸುತ್ತಿದ್ದಳು.

"ಕಾಗದ ಬಂತೇನು?"

"ಬಂತು."

"ಹೇಳು."

"ನೋಡಕ್ಕ, ರೇಡಿಯಂ ಕಿರಣ ಒಂದು ಅಳತಿಗಿಂತ ಆಚೆಗೆ ಹೋಗಂಗಿಲ್ಲ. ಸೂಜಿ ಇದ್ದ ಜಾಗದಿಂದ ದೂರ ಆದಂಗ ಅದರ ಜೋರು..."

"ರೇಡಿಯಂ ಮಾತು ಬ್ಯಾಡ" ಎಂದಳು, ಮೊರದಿಂದ ಕಣ್ಣೆತ್ತದೆ. "ನಂದು ಹೇಳು."

ನಾನು ಕಾಗದ ತೆಗೆದು ಕೈಯಲ್ಲಿ ಹಿಡಿದೆ. ಓದಲು ಆಗಲಿಲ್ಲ. "ಬರಬ್ಯಾಡ ಅಂದಾರ" ಎಂದೆ.

"ಹುಂ."

ಒಂದು ಹರಳು ಸಿಕ್ಕಿತು. ಅದನ್ನು ಹೊರಗೆ ಎಸೆದಳು. "ಈ ಸಲ ಕೊಪ್ಪರಿಗಿ ಮುಂದ ಯಾರು ನಿಂದರ್ತಾರ? ನಿಮ್ಮಣ್ಣನ ಹೆಂಡ್ತಿಗೆ ಹದ ಕಲಸಬೇಕು. ಆಕಿಗೆ ಅವಸರ ಭಾಳ" ಎಂದಳು. ನಾನು ಅಳತೊಡಗಿದ ಮೇಲೆ ಮೊರ ಪಕ್ಕಕ್ಕಿಟ್ಟು ನನ್ನ ತಲೆಯನ್ನು ತೊಡೆಗೆ ಎಳೆದುಕೊಂಡಳು. ಅವಳು ಅಳಲಿಲ್ಲ.

ಅತ್ತಿಗೆಗೆ ಹದ ಕಲಿಸಿದಳು. ಕಬ್ಬು ಅರೆಯುವ ಕಾಲಕ್ಕೆ ಗಂಟು ನಿಂಬೆಹಣ್ಣಿನಷ್ಟಾಗಿ ಒಡೆದಿತ್ತು. ಗಂಜಿಯೂ ಇಳಿಯದಾಯಿತು. ನಾನು ಸಾಲೆಗೆ ರಜೆ ಹಾಕಿ ಬಂದು ಅವಳ ಹತ್ತಿರವೇ ಕೂತೆ. ಒಂದು ಮಧ್ಯಾಹ್ನ ನನ್ನನ್ನು ಹತ್ತಿರ ಕರೆದು, ಉಸಿರಿನಷ್ಟು ದನಿಯಲ್ಲಿ, "ಒಂದು ಎಸಳು ಹೊಗೆಸೊಪ್ಪು ಕೊಡಲೇ" ಎಂದಳು.

"ಬ್ಯಾಡಕ್ಕ. ಅದರಿಂದಽ ಅಲ್ಲೇನು ಇಷ್ಟೆಲ್ಲಾ ಆದದ್ದು?"

"ಆಗೋದು ಆಗೇತಲ್ಲ ಇನ್ನ."

ನಾನು ಕೊಡಲಿಲ್ಲ. ಅವಳು ಎರಡನೆಯ ಸಲ ಕೇಳಲಿಲ್ಲ. ನಾನು ಕಾಲುವೆಗೆ ಸ್ನಾನಕ್ಕೆ ಹೋದಾಗ ಅತ್ತಿಗೆ ಒಂದು ಎಸಳು ಹರಿದು ಅವಳ ಬಲಗೆನ್ನೆಯಲ್ಲಿ ಇಟ್ಟಳಂತೆ. ಬಹಳ ದಿನದ ಮೇಲೆ ಮುಖ ಸಡಿಲವಾಯಿತು, ಕಣ್ಣು ಮುಚ್ಚಿ ಮಲಗಿದರು ಎಂದು ಅತ್ತಿಗೆ ನನಗೆ ಹೇಳಿದ್ದು ಎಲ್ಲ ಮುಗಿದ ಮೇಲೆ. ಒಂದು ಎಸಳು ಸೊಪ್ಪಿನಲ್ಲಿ ಅಷ್ಟು ಸುಖ ಇದ್ದಾಗ, ಇಷ್ಟು ಓದಿದ ನಾನು ಅದನ್ನು ತಡೆದು ನಿಂತಿದ್ದೆ.

ಎಳ್ಳಮಾವಾಸ್ಯೆಗೆ ನಾಲ್ಕು ದಿನ ಇರುವಾಗ, ಬೆಳಗಿನ ಹೊತ್ತು, ಅಣ್ಣ ಹಾಲು ಹಿಂಡಿ ತರುವಷ್ಟರಲ್ಲಿ ಅಕ್ಕ ಹೋದಳು. ನಮ್ಮಲ್ಲಿ ಕೂರಿಸಿ ಮಣ್ಣು ಮಾಡುತ್ತಾರೆ. ವಿಭೂತಿ ಹಚ್ಚಿ, ಲಿಂಗವನ್ನು ಎಡ ಅಂಗೈಯಲ್ಲಿಟ್ಟು, ಅಣ್ಣ ಒಂದು ಕಡೆ ನಾನು ಒಂದು ಕಡೆ ಹಿಡಿದು ಅವಳನ್ನು ಎತ್ತಿದೆವು. ಎತ್ತಲು ನಾವಿಬ್ಬರೂ ಹಾಕಿದ ಬಲ ಹೆಚ್ಚಾಯಿತು; ತೂಕವೇ ಇಲ್ಲದೆ ಅವಳು ಒಮ್ಮೆಲೇ ಮೇಲೆ ಬಂದುಬಿಟ್ಟಳು. ಅಣ್ಣ ನನ್ನ ಮುಖ ನೋಡಿದ. ಅದರಲ್ಲಿ ಯಾವ ಶಾಸ್ತ್ರವೂ ಇರಲಿಲ್ಲ. ಎರಡು ತಿಂಗಳು ಅವಳ ಹೊಟ್ಟೆಗೆ ಅನ್ನ ಇಳಿದಿರಲಿಲ್ಲ, ಅಷ್ಟೆ. ಹೊಲದಲ್ಲಿ ಅಪ್ಪ ಅವ್ವನ ಪಕ್ಕದಲ್ಲಿ ಕೂರಿಸಿದೆವು.

ಆಮೇಲೂ ನಾನು ಪಾಠ ಬಿಡಲಿಲ್ಲ. ಪಠ್ಯದಲ್ಲಿ ಇಲ್ಲದಿದ್ದರೂ ಕೊನೆಯ ತರಗತಿಗೆ ವರ್ಷಕ್ಕೊಮ್ಮೆ ರೇಡಿಯಂ ಬಗ್ಗೆ ಹೇಳುತ್ತಿದ್ದೆ. ಗುಣಪಡಿಸುತ್ತದೆ ಎಂಬ ಶಬ್ದ ಮಾತ್ರ ಬಳಸುತ್ತಿರಲಿಲ್ಲ. ಹುಡುಗರು ಕೇಳಿದರೆ, ಒಬ್ಬ ಹೆಣ್ಣುಮಗಳಿಗೆ ಒಂದು ವರ್ಷ ರೊಟ್ಟಿ ಅಗಿಯುವ ಹಾಗೆ ಮಾಡಿತು ಎನ್ನುತ್ತಿದ್ದೆ.

ಯುದ್ಧದ ಕೊನೆಯಲ್ಲಿ, ಒಂದೇ ಬಾಂಬಿಗೆ ಜಪಾನಿನ ಊರೊಂದು ಸುಟ್ಟುಹೋದ ಸುದ್ದಿ ಪತ್ರಿಕೆಯಲ್ಲಿ ಬಂತು. ಹೆಡ್‌ಮಾಸ್ತರರು ಇಡೀ ಸಾಲೆಗೆ ಅದನ್ನು ವಿವರಿಸಿ ಎಂದರು. ವಿವರಿಸಿದೆ. ಹುಡುಗರಿಗೆ ಭಾರಿ ಉತ್ಸಾಹ. ಆ ವಾರವೇ ಅಣ್ಣ ಹೊಸಪೇಟೆಯ ಸಂತೆಗೆ ಬಂದವನು ಊಟಕ್ಕೆ ನನ್ನ ಮನೆಗೆ ಬಂದ. ಕೈ ತೊಳೆದು ಕೂತವನು ಕೇಳಿದ:

"ಪ್ಯಾಟ್ಯಾಗ ಎಲ್ಲಾರೂ ಅದಽ ಮಾತಾಡಾಕತ್ತಾರ. ಅಕ್ಕನ ಗಲ್ಲಕ್ಕ ಹಾಕಿದ್ದು ಅದಽ ಏನು?"

"ವಸ್ತು ಬ್ಯಾರೆ ಅಣ್ಣ. ನಿಯಮ ಒಂದಽ."

ಅವನು ರೊಟ್ಟಿ ಮುರಿದ. "ಆ ಊರಾಗ ಸಂಸಾರ ಇದ್ವೇನು? ಹೆಣ್ಮಕ್ಕಳು?"

"ಇದ್ರು."

ಆಗ ನಾನು, ಆರು ವರ್ಷದಿಂದ ಗಂಟಲಲ್ಲಿ ಇಟ್ಟುಕೊಂಡಿದ್ದನ್ನು ಹೇಳಿದೆ. "ಅಣ್ಣ, ಅವತ್ತು ನಿನ್ನ ಮಾತು ಕೇಳಿ ದರೋಜಿಗೆ ಹೋಗಿದ್ರ ಅಕ್ಕ ಉಳೀತಿದ್ಲೋ ಏನೋ. ನಾನು ಓದಿದ್ದರ ಸೊಕ್ಕಿನಾಗ ಮದರಾಸಿಗೆ ಎಳಕೊಂಡು ಹೋದೆ."

ಅಣ್ಣ ತುತ್ತು ಕೆಳಗಿಟ್ಟ. "ಆ ವೈದ್ಯನ ಹೆಂಡ್ತಿಗೂ ಅದಽ ಬ್ಯಾನಿ ಇತ್ತಲೇ. ಬಾಯಾಗಽ. ನೀವು ಮದರಾಸಿಗೆ ಹೋದ ಆರು ತಿಂಗಳಿಗೆ ಹೋದ್ಲು. ಎಲ್ಲಾ ಸೊಪ್ಪು ಹಾಕಿ ನೋಡಿದ್ದ ಅವನು. ಆಮ್ಯಾಲೆ ಒಂದು ದಿನ ನಮ್ಮ ಮನಿಗೆ ಬಂದಿದ್ದ, ಆ ಸೂಜಿ ಎಲ್ಲಿ ಸಿಗ್ತೈತಿ ಅಂತ ಕೇಳಾಕ. ಆಕಿ ಸತ್ತು ಎಂಟು ದಿನ ಆಗಿತ್ತು. ಯಾಕ ಕೇಳಾಕತ್ತೀನಿ ಅಂತ ಅವನಿಗೂ ಗೊತ್ತಿದ್ದಿಲ್ಲ ಅನ್ನಸ್ತೈತಿ. ಅಕ್ಕನಽ ಅವನಿಗೆ ಮಜ್ಜಿಗಿ ಕೊಟ್ಟು ಕಳಿಸಿದ್ಲು."

"ನನಗ ಯಾಕ ಹೇಳ್ಲಿಲ್ಲ?"

"ಅಕ್ಕ ಬ್ಯಾಡ ಅಂದಿದ್ಲು. ಆಗ ನೀ ಭಾಳ ಖುಷ್ಯಾಗಿದ್ದಿ."

ಊಟ ಮುಗಿಸಿದ. ನನ್ನ ಹೆಂಡತಿ ಕಟ್ಟಿಕೊಟ್ಟ ಬುತ್ತಿಯನ್ನು ಗಾಡಿಯಲ್ಲಿಟ್ಟು, ಬಿಸಿಲು ಇಳಿಯುವ ಮೊದಲೇ ಎತ್ತು ಹೂಡಿಕೊಂಡು ಕಂಪ್ಲಿಯ ದಾರಿ ಹಿಡಿದ.